ಬುದ್ಧನ ಗೋಡೆಯ ಖಾಲಿ ಮೊಳೆ

ನಾನು ತೆಗೆದ ಫೋಟೊಗಳಲ್ಲಿ ಅತಿ ಹೆಚ್ಚು ಹೊಗಳಿಸಿಕೊಂಡದ್ದು ಮಂಜಿನಲ್ಲಿ ಕುಳಿತ ಬುದ್ಧ. ನೋಡಿದವರು ಇದು ಯಾವ ಬೆಟ್ಟದ ವಿಹಾರ, ಎಷ್ಟು ಗಂಟೆಗೆ ಎದ್ದು ಹೋಗಿದ್ದಿರಿ ಎಂದೆಲ್ಲ ಕೇಳುತ್ತಿದ್ದರು. ನಾನು ಎಲ್ಲಿಗೂ ಹೋಗಿರಲಿಲ್ಲ. ಆ ಬೆಟ್ಟ ನಾಗಪುರದ ಬಜಾಜ್ ನಗರದಲ್ಲಿರುವ ನಮ್ಮ ಮನೆಯ ಅಡುಗೆ ಕಟ್ಟೆ, ಬುದ್ಧ ರಸ್ತೆ ಬದಿಯಲ್ಲಿ ಕೊಂಡ ಪ್ಲಾಸ್ಟರಿನ ಮೂರ್ತಿ, ಮಂಜು ಇಡ್ಲಿ ಪಾತ್ರೆಯ ಹಬೆ. ನಮ್ಮ ಮನೆಯವರು ಮುಚ್ಚಳ ತೆಗೆದು ಥಟ್ಟನೆ ಪಕ್ಕಕ್ಕೆ ಸರಿಯಬೇಕು, ಅಷ್ಟರಲ್ಲಿ ನಾನು ಕ್ಲಿಕ್ಕಿಸಬೇಕು. ಹೀಗೆ ಮಾಡಿ ಮಾಡಿ ಅವರ ಬೆರಳು ಸುಟ್ಟಿತು, ಇಡ್ಲಿ ಕಲ್ಲಾಯಿತು, ಫೋಟೊ ಮಾತ್ರ ಚೆನ್ನಾಗಿ ಬಂತು. ಇದರಲ್ಲಿ ಹಿಮಾಲಯದ ಮೌನವಿದೆ ಎಂದು ಒಬ್ಬರು ಹೇಳಿದರು. ನಾನು ತಿದ್ದಲು ಹೋಗಲಿಲ್ಲ.

ಬುದ್ಧನ ಕಲಾತ್ಮಕ ಫೋಟೊ ಎಂದರೆ ಹಾಗೇ ಇರಬೇಕು ಎಂದು ಆಗ ನಾನೂ ನಂಬಿದ್ದೆ. ಪ್ರದರ್ಶನಗಳಲ್ಲಿ, ದಪ್ಪ ದಪ್ಪ ಪುಸ್ತಕಗಳಲ್ಲಿ, ಫೋನಿನಲ್ಲಿ ನೋಡಿದ್ದೆಲ್ಲ ಅದೇ: ಮರದ ಬೇರಿಗೆ ಸಿಕ್ಕಿಕೊಂಡ ಕಲ್ಲಿನ ತಲೆ, ನೀರಿನಲ್ಲಿ ಅಲುಗುವ ನೆರಳು, ಬೇಕೆಂದೇ ಮಸುಕು ಮಾಡಿದ ಮುಖ, ಅರ್ಧ ಮುಚ್ಚಿದ ಒಂದು ರೆಪ್ಪೆಯನ್ನೇ ಗೋಡೆಯಷ್ಟು ದೊಡ್ಡದು ಮಾಡಿದ್ದು. ಬುದ್ಧನ ಕಣ್ಣು ಅರ್ಧ ಮುಚ್ಚಿದ್ದರೆ ಅದು ಧ್ಯಾನ, ನಮ್ಮದು ಮುಚ್ಚಿದ್ದರೆ ಫೋಟೊ ಹಾಳು. ಇಷ್ಟೆಲ್ಲ ಚಿತ್ರಗಳಲ್ಲಿ ಬುದ್ಧನ ಹತ್ತಿರ ಮನುಷ್ಯರು ಯಾರೂ ಇರುತ್ತಿರಲಿಲ್ಲ. ಅದು ನನಗೆ ಕೊರತೆ ಎಂದು ಅನ್ನಿಸಿಯೂ ಇರಲಿಲ್ಲ.

ಮನೆಯವರಿಗೆ ರೈಲ್ವೆಯಲ್ಲಿ ವರ್ಗವಾಗಿ ಹುಬ್ಬಳ್ಳಿಯಿಂದ ಇಲ್ಲಿಗೆ ಬಂದವರು ನಾವು. ಹೊಸ ಊರಿನಲ್ಲಿ ಹೊತ್ತು ಹೋಗದೆ ಕ್ಯಾಮೆರಾ ಹಿಡಿದವಳು ನಾನು. ಈ ಊರಿನಲ್ಲಿ ಕ್ಯಾಮೆರಾ ಹಿಡಿದು ಹೊರಟರೆ ಬುದ್ಧನನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಚೌಕದಲ್ಲಿ, ಆಟೊದ ಗಾಜಿನ ಮೇಲೆ, ಮದುವೆಯ ಪತ್ರಿಕೆಯಲ್ಲಿ, ಎಷ್ಟೋ ಮನೆಗಳ ಗೋಡೆಯ ಮೇಲೆ ಸಿಗುತ್ತಾನೆ. ಸಿಗುತ್ತಾನೆ ಎಂದೇ ನಾನು ಅತ್ತ ನೋಡದೆ ಇಡ್ಲಿ ಪಾತ್ರೆಯ ಮುಂದೆ ಕಾದು ಕೂತಿದ್ದೆ.

ನನ್ನನ್ನು ಆ ಪಾತ್ರೆಯ ಮುಂದಿನಿಂದ ಎಬ್ಬಿಸಿದವರು ಹಿಂದಿನ ಓಣಿಯ ಮಾವಶಿ. ಮರಾಠಿಯಲ್ಲಿ ಚಿಕ್ಕಮ್ಮ ಎಂದರ್ಥ, ಎಲ್ಲರೂ ಹಾಗೆ ಕರೆಯುತ್ತಿದ್ದರು, ನಾನೂ ಕರೆದೆ. ಮೂಲತಃ ವಿಜಯಪುರದ ಕಡೆಯವರು. ನರ್ಸಿಂಗ್ ಕಲಿಯಲು ನಾಗಪುರಕ್ಕೆ ಬಂದು, ಇಲ್ಲಿಯ ಬೌದ್ಧ ಮನೆತನದ ಹುಡುಗನನ್ನು ಮೆಚ್ಚಿ ಮದುವೆಯಾಗಿ, ಇಲ್ಲೇ ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾದವರು. ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮನೆಯಲ್ಲಿ ಮಗಳು, ಅಳಿಯ ಎಲ್ಲರದೂ ಮರಾಠಿ. ತರಕಾರಿ ಗಾಡಿಯ ಹತ್ತಿರ ನಾನು ಫೋನಿನಲ್ಲಿ ಕನ್ನಡ ಮಾತಾಡುವುದನ್ನು ಕೇಳಿ, ಕೈಯಲ್ಲಿದ್ದ ಮೆಂತ್ಯದ ಕಟ್ಟನ್ನು ಹಾಗೇ ಹಿಡಿದು ನನ್ನ ಮಾತು ಮುಗಿಯುವವರೆಗೆ ನಿಂತಿದ್ದರು. ಆಮೇಲೆ ವಾರಕ್ಕೊಮ್ಮೆಯಾದರೂ ಅವರು ನಮ್ಮ ಮನೆಗೆ ಬರುವುದು, ನಾನು ಅವರ ಮನೆಗೆ ಹೋಗುವುದು ನಡೆಯಿತು. ತುಕ್ಕು ಹಿಡಿದ ಕನ್ನಡವನ್ನು ನನ್ನ ಮೇಲೆ ಉಜ್ಜಿ ಉಜ್ಜಿ ಹೊಳಪು ಮಾಡಿಕೊಂಡರು.

ಒಂದು ದಿನ ಅವರಿಗೆ ನನ್ನ ಮಂಜಿನ ಬುದ್ಧನನ್ನು ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಭಗವಾನರು ಭಾಳ ಚಂದ ಅದಾರ. ಯಾರ ಮನಿಯಾಗಿನವರು?"

ಯಾರ ಮನೆಯದೂ ಅಲ್ಲ, ಇದು ಹೀಗೇ ಕಲೆಗಾಗಿ ಎಂದೆ.

"ಹಂಗಂದ್ರ ಪಾಪ ಒಬ್ಬರ ಕುಂತಾರ," ಎಂದು ಫೋಟೊ ವಾಪಸು ಕೊಟ್ಟರು.

ನನಗೆ ಉರಿದು ಹೋಯಿತು. ಊರೆಲ್ಲ ಹೊಗಳಿದ ಚಿತ್ರಕ್ಕೆ ಈ ಮಾತೇ ಎಂದು ಎರಡು ದಿನ ಮುಖ ಊದಿಸಿಕೊಂಡಿದ್ದೆ. ಮೂರನೆಯ ದಿನ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಅವರ ಮನೆಗೇ ಹೋಗಿ, ನಿಮ್ಮ ಮನೆಯ ಬುದ್ಧನ ಫೋಟೊ ತೆಗೆಯಲೇ ಎಂದು ಕೇಳಿದೆ. ತೆಗೆಯಬಹುದು, ಆದರೆ ಮೊದಲು ಆ ಗೋಡೆಯನ್ನು ಸರಿ ಮಾಡಿಕೊಡಬೇಕು ಎಂದು ಷರತ್ತು ಹಾಕಿದರು.

ಗೋಡೆ ಹೀಗಿತ್ತು. ಎಡಗಡೆ ಕಿಟಕಿ, ಅದರ ತುಂಬ ಕೂಲರ್. ಅದರ ಪಕ್ಕ ನೀಲಿ ಕೋಟು, ದುಂಡು ಕನ್ನಡಕದ ಭಾವಚಿತ್ರ. ಅದಕ್ಕೆ ಜೋಡಿಯಾಗಿ ಬುದ್ಧ, ಈ ಊರಿನ ಮನೆಗಳಲ್ಲಿ ಅವರಿಬ್ಬರನ್ನು ಬೇರೆ ಮಾಡುವುದಿಲ್ಲ. ಬುದ್ಧನ ಬಲಕ್ಕೆ ಮಾವಶಿಯ ಗಂಡ, ಹಾರ ಹಾಕಿಸಿಕೊಂಡು. ಅದರಾಚೆ ಬರಿ ಗೋಡೆ, ಆಮೇಲೆ ಅಡುಗೆಮನೆ ಬಾಗಿಲು. ಗಂಡನ ಫೋಟೊ ಅವರು ಹೋದ ಮೇಲೆ ಯಾವುದೋ ಸ್ಟುಡಿಯೋದವರು ನೆಂಟರ ಮದುವೆಯೊಂದರ ಹಳೆಯ ಗುಂಪಿನ ಫೋಟೊದಿಂದ ಕತ್ತರಿಸಿ ದೊಡ್ಡದು ಮಾಡಿಕೊಟ್ಟದ್ದು. ಹಿಂದೆ ಆಕಾಶ ಹಾಕಿದ್ದರು, ಜನ್ಮದಲ್ಲಿ ಕೋಟು ತೊಡದ ಮನುಷ್ಯನಿಗೆ ಕೋಟು ಟೈ ಅಂಟಿಸಿದ್ದರು. ಅದಕ್ಕೆಲ್ಲ ಮಾವಶಿಯ ತಕರಾರಿರಲಿಲ್ಲ. ತಕರಾರು ಮುಖದ್ದು. ಅದು ಬುದ್ಧನಿಗೆ ಬೆನ್ನು ಮಾಡಿ ಬಲಕ್ಕೆ, ನೇರ ಅಡುಗೆಮನೆಯ ಕಡೆಗೆ ತಿರುಗಿತ್ತು.

ಮನೆಯಲ್ಲಿ ಬುದ್ಧ ವಂದನೆಗೆ ಕೂತಾಗಲೆಲ್ಲ ನೆಂಟರು ಅದನ್ನೇ ಆಡಿಕೊಳ್ಳುತ್ತಿದ್ದರಂತೆ. ಎಲ್ಲರೂ ಬುದ್ಧನನ್ನು ನೋಡಿದರೆ ಇವರೊಬ್ಬರು ಊಟಕ್ಕೇನಿದೆ ಎಂದು ನೋಡುತ್ತಿದ್ದಾರೆ ಎಂದು. ಮಾವಶಿಯೂ ನಗುತ್ತಿದ್ದರು, ಆದರೆ ಒಳಗೆ ನೋವಿತ್ತು. ಬದುಕಿದ್ದಾಗಲೂ ಅವರು ಹಾಗೇ. ವಂದನೆಗೆ ಪಕ್ಕದಲ್ಲಿ ಬಂದು ಕೂರುತ್ತಿದ್ದರು, ಕಣ್ಣು ಮಾತ್ರ ಮುಚ್ಚುವುದಿಲ್ಲ ಎಂದು ಉಳಿದವರು ದೂರುತ್ತಿದ್ದರು. ಎಷ್ಟು ಬೈದರೂ ನಕ್ಕು ಸುಮ್ಮನಾಗುತ್ತಿದ್ದರು. ಧಮ್ಮದಲ್ಲಿ ಅವರಿಗೆ ಮನಸ್ಸೇ ಇರಲಿಲ್ಲವೇನೋ, ನನ್ನ ಸಲುವಾಗಿ ಕೂರುತ್ತಿದ್ದರೇನೋ ಎಂಬ ಅನುಮಾನ ಮಾವಶಿಯನ್ನು ಬಿಟ್ಟಿರಲಿಲ್ಲ. ಈಗ ಮಾವಶಿಯದೇ ಹೃದಯದ ವಾಲ್ವ್ ಕೆಟ್ಟು, ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಆ ವಯಸ್ಸಿನಲ್ಲಿ ಅಂಥ ಆಪರೇಷನ್ ಎಂದರೆ ಏನೆಂದು ನರ್ಸ್ ಆಗಿದ್ದವರಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ.

"ನಾ ದವಾಖಾನಿಗೆ ಹೋಗೂದ್ರೊಳಗ ಅವರ ಮಾರಿ ಭಗವಾನರ ಕಡೆ ತಿರಗಬೇಕು ನೋಡವ್ವಾ. ಆಮ್ಯಾಲೆ ಯಾರೂ ಮಾಡೂದಿಲ್ಲ," ಎಂದರು.

ಫೋಟೊವನ್ನೇ ಬುದ್ಧನ ಎಡಕ್ಕೆ ಹಾಕಿದರಾಯಿತಲ್ಲ ಎಂದೆ. ಅಲ್ಲಿ ಕೂಲರಿನ ತೇವಕ್ಕೆ ಎರಡು ಬೇಸಿಗೆಯಲ್ಲಿ ಬೂಷ್ಟು ಹಿಡಿಯುತ್ತದೆ ಎಂದರು. ಎಲ್ಲವನ್ನೂ ಸ್ವಲ್ಪ ಬಲಕ್ಕೆ ಸರಿಸೋಣ ಎಂದೆ. ನಮ್ಮ ಅನುಕೂಲಕ್ಕೆ ಭಗವಾನರು ಸರಿಯಬೇಕೇ ಎಂದು ಕಣ್ಣು ಬಿಟ್ಟರು. ಅಲ್ಲದೆ ಆ ಬುದ್ಧನನ್ನು ಮನೆ ಕಟ್ಟಿದ ವರ್ಷ ಗಂಡನೇ ಕೈಯಾರೆ ಮೊಳೆ ಹೊಡೆದು ನೇತು ಹಾಕಿದ್ದು. ಅದನ್ನು ಮುಟ್ಟುವಂತಿಲ್ಲ.

ಸರಿ, ನನಗೇನು, ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಎಡದ್ದು ಬಲವಾಗುತ್ತದೆ, ಬಲದ್ದು ಎಡವಾಗುತ್ತದೆ. ಫೋಟೊ ತಂದು, ಸ್ಕ್ಯಾನ್ ಮಾಡಿ, ಮುಖವನ್ನು ಬುದ್ಧನ ಕಡೆಗೆ ತಿರುಗಿಸಿ, ಅದೇ ಅಳತೆಗೆ ಪ್ರಿಂಟ್ ಹಾಕಿಸಿದೆ. ಆಕಾಶದ ಬಣ್ಣವನ್ನೂ ಸ್ವಲ್ಪ ಚೆಂದ ಮಾಡಿದೆ. ಬೀಗುತ್ತಾ ತೆಗೆದುಕೊಂಡು ಹೋಗಿ ಅವರ ಮಡಿಲಲ್ಲಿಟ್ಟೆ.

ಮಾವಶಿ ನೋಡಿದರು. ಸೆರಗಿನಿಂದ ಕನ್ನಡಕದ ಗಾಜು ಒರೆಸಿ ಮತ್ತೆ ನೋಡಿದರು. ಬೆರಳನ್ನು ಒಂದು ಕೆನ್ನೆಯ ಮೇಲಿಟ್ಟರು, ಅಲ್ಲಿಂದ ಮೆಲ್ಲಗೆ ಇನ್ನೊಂದು ಕೆನ್ನೆಗೆ ತಂದರು. ಮಚ್ಚೆ ಎಡಗೆನ್ನೆ ಬಿಟ್ಟು ಬಲಗೆನ್ನೆಗೆ ಹೋಗಿತ್ತು. ಬೈತಲೆಯೂ ಅತ್ತಿಂದಿತ್ತ ಆಗಿತ್ತು.

"ಇವರು ಯಾರ?" ಎಂದು ಕೇಳಿದರು.

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಮುಖ ನೋಡಿದರೆ ತಮಾಷೆ ಇರಲಿಲ್ಲ. ನಾನು ಅಷ್ಟಕ್ಕೇ ಬಿಡದೆ, ಕನ್ನಡಿಯಲ್ಲಿ ನಾವೆಲ್ಲ ಕಾಣುವುದು ಹೀಗೇ ಅಲ್ಲವೇ, ಅವರು ದಿನಾ ಗಡ್ಡ ಹೆರೆದುಕೊಳ್ಳುವಾಗ ತಮ್ಮನ್ನು ನೋಡಿಕೊಂಡದ್ದು ಹೀಗೇ ಎಂದು ವಾದಕ್ಕಿಳಿದೆ.

"ಅವರು ನೋಡಿರಬೇಕು. ನಾ ಎಲ್ಲಿ ನೋಡೀನಿ?" ಎಂದರು. ಪ್ರಿಂಟನ್ನು ನನ್ನ ಕಡೆಗೆ ಸರಿಸಿ, "ಆಪರೇಷನ್‌ದಾಗ ನಾವು ಎಡ ಬಲ ಮೂರು ಸಲ ಕೇಳ್ತಿದ್ವಿ. ತಪ್ಪಿದ್ರ ಮನಷ್ಯಾ ಉಳೀತಿರಲಿಲ್ಲ. ನೀ ಅವರನ್ನ ಅದಲು ಬದಲು ಮಾಡಿ ತಂದಿ," ಎಂದರು.

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅಳು ಬರುವಂತಿತ್ತು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಪ್ರಿಂಟನ್ನು ಕಾಗದದಲ್ಲಿ ಸುತ್ತಿಕೊಂಡು ಮನೆಗೆ ಬಂದೆ.

ಉಳಿದದ್ದು ಒಂದೇ ದಾರಿ. ಆ ಹಳೆಯ ಗುಂಪಿನ ಫೋಟೊ ಸಿಕ್ಕರೆ, ಅದೇ ಮದುವೆಯಲ್ಲಿ ತೆಗೆದ ಬೇರೆ ಫೋಟೊಗಳೂ ಇರಬಹುದು, ಒಂದರಲ್ಲಾದರೂ ಅವರು ಎಡಕ್ಕೆ ತಿರುಗಿರಬಹುದು. ಮದುವೆ ನಡೆದದ್ದು ನಾಗಪುರದಾಚೆಯ ಕನ್ಹಾನ್‌ನಲ್ಲಿ, ಗಂಡನ ತಂಗಿಯ ಮನೆಯಲ್ಲಿ. ಆಪರೇಷನ್ನಿಗೆ ವಾರವೂ ಇರಲಿಲ್ಲ, ಮಗಳು ಬೇಡವೆಂದರೂ ಕೇಳದೆ ಮಾವಶಿ ನಮ್ಮ ಕಾರಿನಲ್ಲಿ ಹತ್ತಿ ಕೂತರು. ದಾರಿಯುದ್ದಕ್ಕೂ ಕನ್ನಡ. ನದಿಯ ಸೇತುವೆ ದಾಟುವಾಗ ಮಾತ್ರ ಸುಮ್ಮನಾಗಿ ಕೈಮುಗಿದರು. ಗಂಡನ ಬೂದಿ ಬಿಟ್ಟದ್ದು ಅಲ್ಲೇ.

ನಾದಿನಿ ನಮ್ಮನ್ನು ನೋಡಿ ಖುಷಿಯಿಂದ ಒಲೆ ಹಚ್ಚಲು ಹೊರಟರು. ಊಟ ಆಮೇಲೆ, ಮೊದಲು ಆಲ್ಬಮ್ ಎಂದು ಮಾವಶಿ ತಡೆದರು. ಟ್ರಂಕಿನಿಂದ ಬಂದ ಆಲ್ಬಮ್ಮಿನಲ್ಲಿ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ನಿಧಾನಕ್ಕೆ ಬಿಡಿಸುತ್ತಾ ಹೋದೆ. ಬಿಳಿ ಬಟ್ಟೆಯ ವಧೂವರರು, ಹಿಂದೆ ಬುದ್ಧನ ದೊಡ್ಡ ಚಿತ್ರ, ಮೇಣದ ಬತ್ತಿ, ಸಾಲಾಗಿ ನಿಂತ ನೆಂಟರು. ಬೇರೆ ಫೋಟೊಗಳಲ್ಲಿ ಮಾವಶಿಯ ಗಂಡ ಇರಲೇ ಇಲ್ಲ. ಇದ್ದದ್ದು ಅದೊಂದರಲ್ಲೇ.

ಗಂಡಸರ ಸಾಲಿನ ಕೊನೆಯಲ್ಲಿ ಅವರು ನಿಂತಿದ್ದರು, ಬಿಳಿ ಅಂಗಿಯಲ್ಲಿ, ಕೋಟಿಲ್ಲದೆ. ಉಳಿದವರೆಲ್ಲ ಕ್ಯಾಮೆರಾ ನೋಡುತ್ತಿದ್ದರೆ ಅವರೊಬ್ಬರು ಬಲಕ್ಕೆ ತಿರುಗಿದ್ದರು. ಅವರ ಬಲಕ್ಕೆ ಹೆಂಗಸರ ಸಾಲು ಶುರುವಾಗುತ್ತಿತ್ತು. ಮೊದಲು ನಿಂತವರು ಮಾವಶಿ, ಇನ್ನೂ ಕಪ್ಪು ಕೂದಲಿನ, ತೆಳ್ಳಗಿನ ಮಾವಶಿ, ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು. ಹಾಳಾದ ಮುಖವೆಂದು ಸ್ಟುಡಿಯೋದವರು ಕತ್ತರಿಸಿ ಬಿಟ್ಟದ್ದು ಅದನ್ನೇ.

ಮಾವಶಿ ಮುಚ್ಚಿದ ಆ ಕಣ್ಣುಗಳ ಮೇಲೆ ಬೆರಳಿಟ್ಟರು. ಆಮೇಲೆ ನನ್ನ ಕೈ ಹಿಡಿದು, ಫ್ಲ್ಯಾಶ್ ಬಂದರೆ ನನಗೆ ಕಣ್ಣು ಮುಚ್ಚಿ ಹೋಗುತ್ತದೆ, ಅದಕ್ಕೇ ಪ್ರತಿ ಫೋಟೊಕ್ಕೂ ಅವರು ಪಕ್ಕದಿಂದ ಕಣ್ಣು ತೆಗಿ, ಕಣ್ಣು ತೆಗಿ ಎಂದು ಪಿಸುಗುಡುತ್ತಿದ್ದರು ಎಂದರು. ಆ ಮಾತನ್ನು ಮರಾಠಿಯಲ್ಲೇ, ಗಂಡನ ದನಿ ಮಾಡಿ ಹೇಳಿದರು. ಫೋಟೊದಲ್ಲೂ ಅವರ ಬಾಯಿ ಸ್ವಲ್ಪ ತೆರೆದಿತ್ತು. ಗೋಡೆಯ ಮೇಲೆ ಅಷ್ಟು ವರ್ಷ ಅದನ್ನು ಹಸಿವೆಯೆಂದೇ ಎಲ್ಲರೂ ನಕ್ಕಿದ್ದು.

ನಾದಿನಿ ಅಡುಗೆಮನೆಯಿಂದಲೇ ಮಾತು ಸೇರಿಸಿದರು. ಅಣ್ಣ ವಂದನೆಯಲ್ಲೂ ನಿನ್ನನ್ನೇ ನೋಡುತ್ತಾ ಕೂರುತ್ತಿದ್ದ, ಮನೆಮಂದಿಗೆಲ್ಲ ಗೊತ್ತಿತ್ತು, ನಿನ್ನೆದುರಿಗೆ ಹೇಳಲು ನಾಚಿಕೆ ಎಂದರು.

"ನಾ ಕಣ್ಣ ಮುಚ್ಚಿ ಕುಂತಾಕಿ. ನನಗ ಹೆಂಗ ಗೊತ್ತಾಗಬೇಕು?" ಎಂದು ಮಾವಶಿ ನನ್ನನ್ನು ಕೇಳಿದರು, ಉತ್ತರ ನನ್ನ ಹತ್ತಿರ ಇರುವಂತೆ. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ನಾನೂ ಅತ್ತೆ. ನಾದಿನಿ ಸೌಟು ಹಿಡಿದುಕೊಂಡೇ ಬಂದು ನಮ್ಮಿಬ್ಬರನ್ನೂ ಬೈದು, ಜೋಳದ ಭಾಕ್ರಿ, ಖಾರದ ಬದನೆಕಾಯಿ ಬಡಿಸಿದರು. ಹೃದಯದ ರೋಗಿಗೆ ಅಷ್ಟು ಖಾರ ಬೇಡವೆಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

ವಾಪಸು ಬರುವಾಗ ಮಾವಶಿ ಒಂದು ತೀರ್ಮಾನಕ್ಕೆ ಬಂದಿದ್ದರು. ಗಂಡನ ಫೋಟೊ ಇದ್ದ ಹಾಗೇ ಇರಲಿ, ಕೋಟಿನ ಸಮೇತ. ಅದರ ಬಲಕ್ಕೆ, ಅಡುಗೆಮನೆ ಬಾಗಿಲಿಗಿಂತ ಈಚೆ, ಅವರು ನೋಡುತ್ತಿರುವ ಬರಿ ಗೋಡೆಯ ಮೇಲೆ ಒಂದು ಮೊಳೆ ಹೊಡೆಯಬೇಕು. ಅದು ತನ್ನ ಜಾಗ. ತನ್ನ ಫೋಟೊ ಎಡಕ್ಕೆ ಮುಖ ಮಾಡಿರಬೇಕು, ಬುದ್ಧನ ಕಡೆಗೆ.

"ಅವರು ನನ್ನ ನೋಡ್ಲಿ. ನಾ ಭಗವಾನರನ್ನ ನೋಡ್ತೀನಿ. ನಡುವ ಅವರ ಬರ್ತಾರ, ಅದಕ್ಕ ನಾ ಏನ ಮಾಡ್ಲಿ," ಎಂದರು.

ಮರುದಿನ ನಮ್ಮ ಮನೆಯವರು ಹೋಗಿ ಮೊಳೆ ಹೊಡೆದರು. ನಾನು ಕಿಟಕಿಯ ಬೆಳಕಿನಲ್ಲಿ ಮಾವಶಿಯನ್ನು ಕೂರಿಸಿ ಫೋಟೊ ತೆಗೆಯಲು ನಿಂತೆ. ಫ್ಲ್ಯಾಶ್ ಹಾಕಲಿಲ್ಲ, ಆದರೂ ಕ್ಯಾಮೆರಾ ಎತ್ತಿದ ಕೂಡಲೇ ಕಣ್ಣು ಮುಚ್ಚುತ್ತಿದ್ದರು. ಹತ್ತು ಸಲ ಹೇಳಿ ಸಾಕಾಗಿ, ಕೊನೆಗೆ ನನ್ನನ್ನು ಮರೆತು ಗೋಡೆಯ ಮೇಲಿನ ಮಾವ ಇಲ್ಲಿದ್ದಾರೆ ಅಂದುಕೊಂಡು ಅವರಿಗೆ ಬೈಯಿರಿ ಎಂದೆ. ಕಣ್ಣು ಚೆನ್ನಾಗಿ ತೆರೆದುಕೊಂಡಿತು. ವಂದನೆಯಲ್ಲಿ ಎಲ್ಲೆಲ್ಲೋ ನೋಡುವುದು, ಜನ ಆಡಿಕೊಳ್ಳುವ ಹಾಗೆ ಮಾಡುವುದು, ಬಾಯಿ ಬಿಟ್ಟು ಒಂದು ಮಾತು ಹೇಳದೆ ಹೊರಟು ಹೋಗುವುದು ಎಂದು ಮರಾಠಿಯಲ್ಲಿ ಒಂದೇ ಸಮನೆ ಬೈದರು. ನಾನು ತೆಗೆಯುತ್ತಲೇ ಹೋದೆ. ಆರಿಸುವಾಗ, ನಗುವ ಮುಖದ್ದನ್ನು ನಾನು ತೋರಿಸಿದರೆ ಅವರು ಬೈಯುವ ಮುಖದ್ದನ್ನೇ ಎತ್ತಿಕೊಂಡರು. ಅದಾದರೆ ಅವರಿಗೆ ಗುರುತು ಸಿಗುತ್ತದೆ ಎಂದರು.

ಬದುಕಿದ್ದವರ ಫೋಟೊವನ್ನು ಹೋದವರ ಸಾಲಿನಲ್ಲಿ ಹಾಕಬಾರದು. ಅದಕ್ಕೆ ಕಟ್ಟು ಹಾಕಿಸಿದ ಮೇಲೆ ಹಳೆಯ ಬಿಳಿ ಸೀರೆಯೊಂದರಲ್ಲಿ ಸುತ್ತಿ ಕಪಾಟಿನಲ್ಲಿಟ್ಟು, ಎಲ್ಲಿದೆ ಎಂದು ಮಗಳಿಗೂ ನನಗೂ ತೋರಿಸಿದರು. ಆಸ್ಪತ್ರೆಗೆ ಹೊರಡುವ ಬೆಳಿಗ್ಗೆ ನಾನು ಗೋಡೆಯನ್ನು ಇದ್ದ ಹಾಗೆ ತೆಗೆದೆ. ಕೂಲರಿನ ಅಂಚು, ನೀಲಿ ಕೋಟು, ಬುದ್ಧ, ಬಲಕ್ಕೆ ತಿರುಗಿದ ಗಂಡ, ಅವರ ನೋಟದ ಎದುರಿಗೆ ಖಾಲಿ ಮೊಳೆ. ಹಬೆ ಇರಲಿಲ್ಲ, ಏನನ್ನೂ ಸರಿಸಲಿಲ್ಲ. ಆ ಮೊಳೆಯನ್ನು ಕಂಡರೆ ನನಗೆ ಹೆದರಿಕೆಯಾಗುತ್ತಿತ್ತು ಎಂದು ಆಗ ಯಾರಿಗೂ ಹೇಳಲಿಲ್ಲ.

ಮಾವಶಿ ಉಳಿದರು. ಐಸಿಯುನಲ್ಲಿ ಎಚ್ಚರವಾದ ಮೇಲೆ ಅಲ್ಲಿಯ ಹುಡುಗಿಯರಿಗೆ ಸಲೈನ್ ಹಾಕುವುದನ್ನು ಹೇಳಿಕೊಟ್ಟು ಬೈಸಿಕೊಂಡರು ಎಂದು ಮಗಳು ಫೋನ್ ಮಾಡಿದಾಗ ನಾನು ಅಡುಗೆಮನೆಯ ನೆಲದ ಮೇಲೆ ಕೂತು ನಕ್ಕೆ.

ಆಮೇಲೆ ನಾನು ಮನೆ ಮನೆಯ ಗೋಡೆಗಳನ್ನೇ ತೆಗೆದೆ. ಬುದ್ಧನ ಪಕ್ಕ ಯಾರು ಯಾರು ಇದ್ದಾರೋ ಅವರನ್ನೆಲ್ಲ ಸೇರಿಸಿ, ಗಡಿಯಾರ, ಗ್ಯಾಸ್ ಏಜೆನ್ಸಿಯ ಕ್ಯಾಲೆಂಡರ್, ಮಗಳ ಪದಕ ಏನನ್ನೂ ಬಿಡದೆ. ಧರಮಪೇಠದ ಒಂದು ಸಣ್ಣ ಹಾಲ್‌ನಲ್ಲಿ ಪ್ರದರ್ಶನವಾಯಿತು. ಮಾವಶಿಯ ಗೋಡೆ ನಡುವೆ ಇತ್ತು. ಅದರ ಮುಂದೆ ಜನ ಹೆಚ್ಚು ಹೊತ್ತು ನಿಲ್ಲುತ್ತಿದ್ದರು. ದೊಡ್ಡ ಊರಿನಿಂದ ಬಂದಿದ್ದ ಕಲಾವಿಮರ್ಶಕರೊಬ್ಬರು ಆ ಖಾಲಿ ಮೊಳೆಯನ್ನು ತೋರಿಸಿ, ಇಡೀ ಚಿತ್ರದ ಬುದ್ಧತ್ವ ಇರುವುದು ಇಲ್ಲಿ, ಇದು ಶೂನ್ಯ, ಇದು ಇಲ್ಲದಿರುವುದರ ಇರುವಿಕೆ ಎಂದು ಹಿಂದಿಯಲ್ಲಿ ವಿವರಿಸುತ್ತಿದ್ದರು. ಸುತ್ತ ನಿಂತವರು ತಲೆಯಾಡಿಸುತ್ತಿದ್ದರು. ಮಗಳ ತೋಳು ಹಿಡಿದು ಮಾವಶಿಯೂ ನಿಂತು ಕೇಳಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿದರು.

"ಖಾಲಿ ಎಲ್ಲೈತಿ? ಅದು ನನ್ನ ಜಾಗಾ. ನಾ ಇನ್ನ ಇಲ್ಲಿ ನಿಂತೀನಿ, ಅದಕ್ಕ ಹಂಗ ಕಾಣತೈತಿ."

ಸುತ್ತಲೂ ನೋಡಿ, ಎಲ್ಲ ಫೋಟೊ ಭಾಳ ಚಲೋ ಬಂದಾವ, ಇಲ್ಲಿ ಯಾರೂ ಒಬ್ಬರ ಇಲ್ಲ ಎಂದು ನನಗಷ್ಟೇ ಕೇಳುವಂತೆ ಅಂದು, ಕೂರಲು ಕುರ್ಚಿ ಕೇಳಿದರು.

ಈಗಲೂ ವಾರಕ್ಕೊಮ್ಮೆ ಅವರ ಮನೆಗೆ ಹೋಗುತ್ತೇನೆ. ಬಾಗಿಲು ತೆಗೆದೇ ಇರುತ್ತದೆ. ಹೊಸ್ತಿಲಲ್ಲಿ ಚಪ್ಪಲಿ ಬಿಡುವಾಗ ನನ್ನ ಕಣ್ಣು ಮೊದಲು ಹೋಗುವುದು ಬುದ್ಧನ ಕಡೆಗಲ್ಲ, ಆ ಮೊಳೆಯ ಕಡೆಗೆ. ಅದು ಖಾಲಿ ಇದ್ದರೆ ಉಸಿರು ಬಿಟ್ಟು ಒಳಗೆ ಕಾಲಿಡುತ್ತೇನೆ. ಇಷ್ಟು ದಿನ ಖಾಲಿಯೇ ಇದೆ. ಮಾವ ಅತ್ತಲೇ ನೋಡುತ್ತಿರುತ್ತಾರೆ, ಅದರಾಚೆಯ ಅಡುಗೆಮನೆಯಿಂದ ಚಹಾಕ್ಕೆ ಸಕ್ಕರೆ ಎಷ್ಟು ಎಂದು ಮಾವಶಿ ಕನ್ನಡದಲ್ಲಿ ಕೂಗಿ ಕೇಳುತ್ತಾರೆ.